ಬಾರದ ಸೂಟ್‌ಕೇಸು

ಇ... ಇಸ... ಇರು, ನಾಲಿಗೆ ತುದೀಲೇ ಇದೆ. ಈ ಸಿಮೆಂಟ್ ಗೋಡೆ ಇದೆಯಲ್ಲ, ಇದೇ ಜಾಗದಲ್ಲಿ ಬೇಲಿ ಇತ್ತಲ್ಲ ಅನಾಯೆಲಿ, ಉದ್ದುದ್ದ ಎಲೆಯ ಗಿಡ, ಅಪ್ಪ ನೆಟ್ಟಿದ್ದು... ಅದಕ್ಕೆ ಏನಂತಿದ್ವಿ? ಸಾಲ... ಇಸ... ಥೂ. ನೀನಾದ್ರೂ ಹೇಳೋ. ಹೇಳಲ್ಲ. ನಗ್ತೀಯ. ಒಡಹುಟ್ಟಿದ ಅಕ್ಕ ವಿಮಾನದ ಮೇಲೆ ವಿಮಾನ ಹತ್ತಿ ಇಳಿದು ಬಂದು ಕೂತಿದ್ದಾಳೆ, ಅವಳಿಗೆ ಒಂದು ಮಾತು ಎತ್ತಿಕೊಡೋಕೂ ನಿನ್ನ ಬಾಯಿ ಏಳಲ್ಲ.

ಬಂದಾಗಿನಿಂದ ನೋಡ್ತಿದ್ದೀನಿ. ನಿನ್ನ ಹೆಂಡತಿ ಯುನಿಸಿ ನನ್ನ ಕಂಡವಳೇ ತಲೆ ಮೇಲಿದ್ದ ಹುಲ್ಲಿನ ಹೊರೆ ಅಲ್ಲೇ ಬೀಳಿಸಿ, ಕೊರಳಿಗೆ ಬಿದ್ದು ಅತ್ತಳು. ನನ್ನ ಕುಪ್ಪಸದ ಹೆಗಲು ಇನ್ನೂ ಒದ್ದೆ ಇದೆ, ಮುಟ್ಟಿ ನೋಡು. ನೀನು ಏನು ಮಾಡಿದೆ? ಒಳಗಿಂದ ಕುರ್ಚಿ ತಂದೆ. ಟೋಪೀಲಿ ಅದರ ಧೂಳು ಹೊಡೆದೆ. ಇಟ್ಟೆ. ಮುಗೀತು. ಆಮೇಲೆ ಎಂಬೆಗೆ ಕಳ್ಳು ತುಂಬಿದ ಸೋರೆ ಬುರುಡೆ ತಂದು ನಮ್ಮಿಬ್ಬರ ನಡುವೆ ಕೂರಿಸಿದೆ. ನೀನು ಮೊದಲ ಗುಟುಕು ಕುಡಿದು ನನಗೆ ಕೊಡಲ್ಲ, ನಾನು ಕೈ ಚಾಚಿ ತಗೊಳ್ಳೋ ಹಾಗಿಲ್ಲ. ಇಷ್ಟು ಒಳ್ಳೇ ಬಾಳೆಹಣ್ಣಿನ ಕಳ್ಳು, ನೊರೆ ಸುಮ್ಮನೆ ಇಳೀತಾ ಇದೆ. ವಾಸನೆ ನೋಡಿದ್ರೇ ಗೊತ್ತಾಗುತ್ತೆ, ಯುನಿಸಿ ಮಾಡಿದ್ದು, ಒಳಗೆ ಹಾಕಿರೋ ರಾಗಿ ಚೆನ್ನಾಗಿ ಮೊಳಕೆ ಬಂದಿದೆ. ನಾನು ಎಷ್ಟು ವರ್ಷದಿಂದ ಈ ವಾಸನೆ... ಇರಲಿ ಬಿಡು. ನೀನು ಕೊಡಬೇಡ, ನಾನು ಕೇಳಲ್ಲ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ನಿನ್ನ ನೋಡೋಕೆ ಬಂದವಳಲ್ಲ. ನಾನು ಬಂದಿರೋದು ಸಿಂಹ ನೋಡೋಕೆ.

ಯಾಕೆ ನಗ್ತೀಯ? ಮುದುಕಿಗೆ ಸಿಂಹ ನೋಡೋ ಆಸೆ ಇರಬಾರದಾ? ನನ್ನ ಮಗ ಕೇಳಿದ, ಅಮ್ಮ ನಿನಗೆ ವಯಸ್ಸಾಯ್ತು, ಎಲ್ಲಿಗಾದ್ರೂ ಕಳಿಸ್ತೀನಿ, ಹಡಗಿನಲ್ಲಿ ಹೋಗ್ತೀಯಾ ಅಂತ. ಹಡಗು ಬೇಡಪ್ಪ, ಸಿಂಹ ನೋಡಬೇಕು ಅಂದೆ. ಅವನು ಒಂದು ಬಣ್ಣದ ಪುಸ್ತಕ ತಂದ. ಮರದ ಕೆಳಗೆ ಸಿಂಹ ಮಲಗಿದೆ, ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ, 'ನಿಮ್ಮ ಕನಸಿನ ಆಫ್ರಿಕಾ'. ಕನಸಿನ ಆಫ್ರಿಕಾ ಅಂತೆ! ನಾನು ಹುಟ್ಟಿ, ಬೆಳೆದು, ದನಕ್ಕೆ ಬಾಳೆದಿಂಡು ಕೊಚ್ಚಿ ಹಾಕಿ, ಮದುವೆ ಆಗೋ ತನಕ ಇದ್ದದ್ದು ಮತ್ಯಾವ ಆಫ್ರಿಕಾ? ನಾವು ಸಿಂಹ ನೋಡಿದ್ದು ಬೆಂಕಿಪೊಟ್ಟಣದ ಮೇಲೆ. ಒಂದು ಕತ್ತೆಕಿರುಬ ಬಂದು ಅಮ್ಮನ ಆಡು ಎಳ್ಕೊಂಡು ಹೋಗಿತ್ತಲ್ಲ, ಅದನ್ನೂ ನೀನು ನೋಡಿದೆ ಅಂತ ಸುಳ್ಳು ಹೇಳಿದ್ದೆ, ಮಂಚದ ಕೆಳಗಿದ್ದವನು. ಹೂಂ, ತಲೆ ಅಲ್ಲಾಡಿಸು. ಮಂಚದ ಕೆಳಗೇ ಇದ್ದೆ. ನಿನ್ನ ಕಾಲು ಹಿಡಿದು ಎಳೆದವಳು ನಾನೇ.

ಅಲ್ಲಿ ನೀರಿನ ಟ್ಯಾಂಕಿನ ಹತ್ತಿರ ಫೋನ್ ಎತ್ತಿ ಹಿಡ್ಕೊಂಡು ತಿರುಗ್ತಿದ್ದಾಳಲ್ಲ, ಅವಳೇ ನನ್ನ ಮೊಮ್ಮಗಳು ತುಮಾ. ಮಗನ ಮಗಳು. ಮಾತು ಅರ್ಥ ಆಗುತ್ತೆ, ತಿರುಗಿಸಿ ಹೇಳೋಕೆ ಬರಲ್ಲ. ನಿನ್ನ ಥರ. ವಿಮಾನ ನಿಲ್ದಾಣದವರ ಜೊತೆ ಮಾತಾಡ್ತಿದ್ದಾಳೆ. ನನ್ನ ಸೂಟ್‌ಕೇಸು ಬಂದಿಲ್ಲ. ಅವಳದು ಬಂತು, ಎದುರಿಗೆ ಕೂತಿದ್ದ ಮುದುಕನದ್ದು ಬಂತು, ಯಾರದೋ ಒಂದು ಹಗ್ಗ ಕಟ್ಟಿದ ಡಬ್ಬ, ಅದೂ ಬಂತು. ನನ್ನದು ಬಂದಿಲ್ಲ.

ಅದರಲ್ಲಿ ಏನಿತ್ತು ಅಂದ್ರೆ... ಏನಿರುತ್ತೆ, ಮುದುಕಿ ಸಾಮಾನು. ಸ್ವೆಟರು, ಚಾಪುಡಿ, ಯುನಿಸಿಗೆ ಒಂದು ಕಂಬಳಿ. ಬಿಡು.

ಹೊರಟ ಗಳಿಗೆಯೇ ಸರಿ ಇರಲಿಲ್ಲ ಅನಾ. ಅಲ್ಲಿ ವಿನ್ನಿಪೆಗ್‌ನಲ್ಲಿ ಉಸಿರು ಬಿಟ್ಟರೆ ಮೀಸೆ ಹೆಪ್ಪುಗಟ್ಟೋ ಚಳಿ. ವಿಮಾನಕ್ಕೆ ಬಿಸಿನೀರು ಹೊಡೆದು ಹಿಮ ಕರಗಿಸ್ತಾರೆ, ನಾವು ಒಳಗೆ ಪಟ್ಟಿ ಬಿಗಿದುಕೊಂಡು ಕೋಳಿಗಳ ಥರ ಕೂತಿರಬೇಕು. ಅದಕ್ಕೂ ಮೊದಲು ಕೌಂಟರಿನ ಹುಡುಗಿ ಕೇಳಿದ್ಳು, ಗಿಡ, ಬೀಜ, ಮಣ್ಣು ಏನಾದ್ರೂ ಒಯ್ತಿದ್ದೀರಾ ಅಂತ. ಇಲ್ಲ ಅಂದೆ. ಒಂದು ನಾಯಿ ಬಂದು ನನ್ನ ಸೂಟ್‌ಕೇಸು ಮೂಸಿತು. ಮೂಸಿ, ನನ್ನ ಮುಖ ನೋಡಿ, ಮತ್ತೆ ಮೂಸಿತು. ನಾನು ತುಮಾಳ ಹಿಂದೆ ಹೋಗಿ ನಿಂತುಬಿಟ್ಟೆ.

ಏನು ನೋಡ್ತೀಯ? ನಾಯಿ ಅಂದ್ರೆ ನನಗೆ ಮೊದಲಿಂದ ಭಯ. ಗೊತ್ತಿಲ್ವಾ ನಿನಗೆ?

ಎರಡನೇ ವಿಮಾನ, ಅದರ ಕಥೆ ಕೇಳಲೇಬೇಡ. ಒಂದು ಕಡೆ ತುಮಾ, ಕಿವಿಗೆ ಮುಚ್ಚಳ ಹಾಕ್ಕೊಂಡು ಸತ್ತ ಹಾಗೆ ನಿದ್ದೆ. ಇನ್ನೊಂದು ಕಡೆ ಒಬ್ಬ ದಪ್ಪ ಗಂಡಸು, ನನ್ನ ಭುಜವನ್ನ ದಿಂಬು ಮಾಡ್ಕೊಂಡ. ಎರಡು ಸಲ ತಲೆ ಆ ಕಡೆ ತಳ್ಳಿದೆ. ಮೂರನೇ ಸಲ ಅಮ್ಮಾ ಅಂತ ನಿದ್ದೇಲಿ ಅಂದ. ಅಂದ ಮೇಲೆ ತಳ್ಳೋದು ಹೇಗೆ? ಹೊತ್ತುಕೊಂಡೇ ಕೂತೆ. ಕಾಲು ಬಾಳೆದಿಂಡಿನ ಹಾಗೆ ಊದಿಕೊಂಡ್ತು, ಚಪ್ಪಲಿ ಬಿಚ್ಚಿದ್ದೆ, ಮತ್ತೆ ಹೋಗಲಿಲ್ಲ. ಎದುರಿಗೆ ಒಂದು ಪುಟ್ಟ ಪರದೆ, ಅದರಲ್ಲಿ ಒಂದು ಪುಟ್ಟ ವಿಮಾನ, ನೀಲಿ ಸಮುದ್ರದ ಮೇಲೆ. ಎಷ್ಟು ಹೊತ್ತಾದ್ರೂ ಅದು ಅಲ್ಲೇ. ಕಣ್ಣು ಮುಚ್ಚಿ ತೆರೆದ್ರೂ ಅಲ್ಲೇ. ಊರು ನನ್ನ ನೋಡಿ ಹಿಂದೆ ಹಿಂದೆ ಸರೀತಿದೆ ಅನ್ನಿಸ್ತು.

ಆಮೇಲೆ ಇಳಿಸಿದ್ದು ಎಲ್ಲಿ ಗೊತ್ತಾ? ಅಡಿಸ್ ಅಬಾಬಾ.

ಹೂಂ. ಈಗ ಮುಖ ಆ ಕಡೆ ತಿರುಗಿಸಿದೆ ನೋಡು. ಗೊತ್ತಿತ್ತು ನನಗೆ.

ಅದೇ ನಿಲ್ದಾಣ. ಕಟ್ಟಡ ದೊಡ್ಡದು ಮಾಡಿದ್ದಾರೆ, ನೆಲ ಹೊಳೆಯುತ್ತೆ, ಆದ್ರೆ ಅದೇ. ಗಾಲಿಕುರ್ಚಿ ತಳ್ಳೋನು ನನ್ನನ್ನ ಒಂದು ಕಂಬದ ಹತ್ತಿರ ನಿಲ್ಲಿಸಿ, ಇಲ್ಲೇ ಇರಿ ತಾಯಿ, ಬರ್ತೀನಿ ಅಂತ ಹೋದ. ಬರಲೇ ಇಲ್ಲ. ನಾನು ಆ ಕಂಬ ನೋಡ್ತಾ ಕೂತೆ. ಅಮ್ಮ ತೀರಿಕೊಂಡಾಗ ನಾನು ಇಂಥದ್ದೇ ಕಂಬಕ್ಕೆ ಒರಗಿಕೊಂಡು ನಿನ್ನ ಮನೆಗೆ ಫೋನ್ ಮಾಡಿದ್ದು. ಹೊರಡುವಾಗಲೇ ಹೇಳಿದ್ದೆ, ಬರ್ತಿದ್ದೀನಿ ಅನಾ, ನಾನು ಬರೋ ತನಕ ಅಮ್ಮನನ್ನ ಇಟ್ಟುಕೊಂಡಿರು, ಮುಖ ನೋಡಬೇಕು ಅಂತ. ಹಿಮ ಬಿದ್ದು ವಿಮಾನ ಒಂದು ದಿನ ತಡ ಆಯ್ತು. ಹಿಮ ನಾನು ಬೀಳಿಸಿದ್ದಾ? ಅಡಿಸ್‌ಗೆ ಬಂದು ಫೋನ್ ಮಾಡಿದ್ರೆ ಎತ್ತಿದ್ದು ಯುನಿಸಿ. ಹಿಂದೆ ಹಾಡು ಕೇಳ್ತಿತ್ತು, ಚರ್ಚಿನ ಹೆಂಗಸರ ಹಾಡು. "ಅಕ್ಕ, ಈಗ ತಾನೇ ಮಣ್ಣು ಹಾಕಿ ಆಯ್ತು" ಅಂದ್ಳು.

ಒಂದು ದಿನ ಕಾಯೋಕೆ ಆಗಲಿಲ್ವಾ ನಿನಗೆ?

ನಿನ್ನ ಬೆರಳು ಯಾಕೆ ಎತ್ತಿದೆ? ಒಂದು ಅಂತಾನಾ? ಗೊತ್ತು ಗೊತ್ತು, ನೀನು ಏನು ಹೇಳ್ತೀಯ ಗೊತ್ತು. ಯುನಿಸಿ ಫೋನಲ್ಲಿ ಎಷ್ಟು ಸಲ ಹೇಳಿಲ್ಲ. ಇನ್ನೊಂದು ವಿಮಾನ ಹತ್ತಿದ್ರೆ ಮನೆ ಇತ್ತು, ಅಲ್ಲಿ ತನಕ ಬಂದವಳು ಅಮ್ಮನ ಮಣ್ಣಿಗೆ ಒಂದು ಹಿಡಿ ಮಣ್ಣು ಹಾಕದೆ, ಬೆನ್ನು ತಿರುಗಿಸಿ ಹೋದ್ಳು, ಅದು ಅವಳ ತಪ್ಪು ಅಂತ ನಿನ್ನ ಲೆಕ್ಕ. ಮಳೆ ಬರ್ತಿತ್ತು, ಹೊರಗಿನ ಊರಿಂದ ಬಂದ ಜನ ಹೊರಟು ನಿಂತಿದ್ರು, ಪಾದ್ರಿ ಅವಸರ ಮಾಡಿದ್ರು, ಹಿರಿಯರು ಇನ್ನು ಇಡಬಾರದು ಅಂದ್ರು, ಅದೂ ಗೊತ್ತು. ಹಿರಿಯರು! ಹಿರಿಯರು ನಿನ್ನ ಕೈ ಹಿಡಿದಿದ್ರಾ? ನೀನು ಕೊನೇ ಮಗ. ಅಪ್ಪನ ಮನೆ ನಿನ್ನದು, ಬಾಳೆತೋಟ ನಿನ್ನದು, ಅಮ್ಮನ ತಲೆ ಯಾವ ಕಡೆ ಇಡಬೇಕು ಅಂತ ಹೇಳೋ ಅಧಿಕಾರ ನಿನ್ನದು. ಅಕ್ಕ ಬರೋ ತನಕ ಗುದ್ದಲಿ ಮುಟ್ಟಬೇಡಿ ಅಂತ ನೀನೊಬ್ಬ ಅಂದಿದ್ರೆ ಯಾರು ಮುಟ್ಟುತಿದ್ರು?

...ಮಾತಾಡಬೇಡ. ನಾನೇ ಮಾತಾಡ್ತೀನಿ. ಇಷ್ಟು ವರ್ಷ ಇಟ್ಟುಕೊಂಡದ್ದು, ಒಂದು ಮಧ್ಯಾಹ್ನಕ್ಕೆ ಮುಗಿಯಲ್ಲ.

ಕೊನೆಗೆ ಇಲ್ಲಿ ಇಳಿದ್ವಿ. ಕಿಟಕಿಯಿಂದ ನಮ್ಮೂರ ಬೆಟ್ಟ ಕಾಣುತ್ತೆ ಅಂತ ಕತ್ತು ಚಾಚಿ ಚಾಚಿ ಸಾಕಾಯ್ತು. ಪೂರಾ ಮೋಡ. ತುಮಾ ಕೇಳಿದ್ಳು, ಅಜ್ಜಿ, ನಿನ್ನ ಬೆಟ್ಟ ಎಲ್ಲಿ. ನನಗೆ ನಾಚಿಕೆ ಆಯ್ತು ಕಣೋ, ನಾನೇ ಬಚ್ಚಿಟ್ಟ ಹಾಗೆ. ಒಳಗೆ ಬಂದ್ರೆ ಎರಡು ಸಾಲು, ಊರಿನವರಿಗೆ ಒಂದು, ಹೊರಗಿನವರಿಗೆ ಒಂದು. ನನ್ನ ಕಾಲು ತಾನಾಗೇ ಊರಿನವರ ಸಾಲಿಗೆ ಹೋಯ್ತು. ಒಬ್ಬ ಹುಡುಗಿ ಬಂದು ನನ್ನ ಕೈಲಿದ್ದ ಪಾಸ್‌ಪೋರ್ಟಿನ ಬಣ್ಣ ನೋಡಿ, ಮೊಣಕೈ ಹಿಡಿದು ಆ ಕಡೆ ನಿಲ್ಲಿಸಿದ್ಳು. ಮರ್ಯಾದೆಯಿಂದಲೇ ನಿಲ್ಲಿಸಿದ್ಳು, ಅದೇ ಇನ್ನೂ ಉರಿ. ಗಾಜಿನ ಹಿಂದೆ ಕೂತವನಿಗೆ ನಾನು ಸ್ವಾಹಿಲಿಯಲ್ಲಿ ನಮಸ್ಕಾರ ಹೇಳಿದೆ. ಅವನು ಇಂಗ್ಲಿಷಿನಲ್ಲಿ ಕೇಳಿದ, ಬಂದ ಉದ್ದೇಶ ಏನು ಅಂತ. ತುಮಾ ಹಿಂದಿನಿಂದ ಪ್ರವಾಸ ಅಂದ್ಳು. ಅವನು ಠಸ್ಸೆ ಒತ್ತಿದ. ಹುಟ್ಟಿದ ಮಣ್ಣಿಗೆ ನಾನು ಪ್ರವಾಸಿ.

ಇದಕ್ಕಾದ್ರೂ ನಗಬೇಡ್ವೋ.

ಆಮೇಲೆ ಆ ತಿರುಗೋ ಪಟ್ಟಿ. ಎಲ್ಲ ಕಪ್ಪು ಸೂಟ್‌ಕೇಸುಗಳೇ. ಒಂದೊಂದು ಬಂದಾಗಲೂ ಎದ್ದು ನಿಲ್ಲೋದು, ಕೂರೋದು. ಜನ ಹೋದ್ರು. ಪಟ್ಟಿ ನಿಂತಿತು. ಒಬ್ಬ ಬಂದು, ಬಹುಶಃ ದಾರೀಲಿ ಎಲ್ಲೋ ಉಳಿದಿರಬೇಕು ಅಮ್ಮಾ, ನಾಳೆಯೋ ನಾಡಿದ್ದೋ ಬರುತ್ತೆ ಅಂದ. ನಾಳೆಯೋ ನಾಡಿದ್ದೋ! ಅಷ್ಟರಲ್ಲಿ ಬಾಡಿ ಹೋಗುತ್ತಲ್ಲಪ್ಪ ಅಂದೆ.

ಹಾಂ? ಏನು ಬಾಡೋದು? ...ಸ್ವೆಟರು. ಸ್ವೆಟರು ಬಾಡಲ್ಲ, ಗೊತ್ತು. ಮುದುಕಿ ಬಾಯಿಗೆ ಬಂದದ್ದು ಹೇಳಿದ್ಳು. ಹುಬ್ಬು ಕೆಳಗಿಳಿಸು.

ಹೊರಗೆ ಬಂದ್ರೆ ನಮ್ಮ ಪ್ರವಾಸದವರು. ಒದ್ದೆ ಟವೆಲು, ಹಣ್ಣಿನ ರಸ, ತಲೆಗೆ ಒಂದು ದೊಡ್ಡ ಟೋಪಿ. ನಿಮಗೆ ಸ್ವಾಗತ, ಸ್ವಾಗತ ಅಂದ್ರೆ ನಮ್ಮ ಭಾಷೇಲಿ ಕರಿಬು ಅಂತಾರೆ, ಹೇಳಿ ನೋಡೋಣ, ಕ-ರಿ-ಬು ಅಂತ ಒಬ್ಬಳು ನನಗೆ ಕಲಿಸೋಕೆ ಬಂದ್ಳು. ನಾನು ಹೇಳಿದೆ. ಭಲೇ ಅಂದ್ಳು. ಏನು ಮಾಡಲಿ? ಟೋಪಿ ಹಾಕ್ಕೊಂಡು ಕಾರಲ್ಲಿ ಕೂತೆ. ಇವತ್ತು ಮೋಶಿ ಪೇಟೆಯ ಹೋಟೆಲಲ್ಲಿ ವಿಶ್ರಾಂತಿ, ಈಜುಕೊಳ ಇದೆ, ನಾಳೆ ಬೆಳಗಾಗೋ ಮೊದಲೇ ಪ್ರಾಣಿಗಳ ಹತ್ತಿರ ಹೊರಡೋದು ಅಂತ ಡ್ರೈವರು ಹೇಳಿದ. ಈಜುಕೊಳ ಅಂತೆ. ಕಾಂಗಾ ಬಟ್ಟೆ ಸುತ್ತಿಕೊಂಡ ಮುದುಕಿ ಈಜುಕೊಳದಲ್ಲಿ.

ನಾನು ಹಿಂದಿನ ಸೀಟಿಂದ ನಮ್ಮ ಚಗ್ಗಾ ಮಾತಲ್ಲೇ ಕೇಳಿದೆ, ನೀನು ಯಾರ ಮಗನಪ್ಪ? ಅವನು ಕನ್ನಡೀಲಿ ನನ್ನ ನೋಡಿದ. ಹೆಸರು ಗಾಡ್‌ಬ್ಲೆಸ್. ಈಗಿನ ಮಕ್ಕಳಿಗೆಲ್ಲ ಇಂಥದ್ದೇ ಹೆಸರು, ದೇವರನ್ನ ಪೂರ್ತಿ ಕರೆದು ಮುಗಿಸೋ ಹೊತ್ತಿಗೆ ಅನ್ನ ಸೀದು ಹೋಗುತ್ತೆ. ತಾಯಿ ಊರು ಯಾವುದು ಅಂದೆ. ಕಾಲುವೆ ಮೇಲಿನ ಮನೆಯವರು ಅಂದ. ಕಾಲುವೆ ಮೇಲಿನವರಾ? ನಿಮ್ಮಜ್ಜಿ ನನ್ನ ಜೊತೆ ಹುಲ್ಲು ಕೊಯ್ಯೋಕೆ ಬರ್ತಿದ್ಳು, ಕುಡುಗೋಲು ಕೊಟ್ಟರೆ ವಾಪಸ್ಸು ಕೊಡ್ತಿರಲಿಲ್ಲ ಅಂದೆ. ಅವನು ನಕ್ಕು ನಕ್ಕು ಕಾರು ಬದಿಗೆ ನಿಲ್ಲಿಸಿದ. ನಮ್ಮೂರ ಕಡೆ, ಮಚಾಮೆ ರಸ್ತೆಗೆ ತಿರುಗಿಸು ಮಗಾ ಅಂದೆ. ಕಾರ್ಯಕ್ರಮದಲ್ಲಿ ಇಲ್ಲ ತಾಯಿ ಅಂದ. ಆ ಕುಡುಗೋಲು ಇನ್ನೂ ನಿಮ್ಮ ಮನೇಲೇ ಇದೆ ಅಂದೆ. ತಿರುಗಿಸಿದ. ಈಗ ನೋಡು, ನಿನ್ನ ಅಡುಗೆಮನೇಲಿ ಕೂತು ಯುನಿಸಿ ಹಾಕಿದ ಬಾಳೆಕಾಯಿ ಸಾರು ಹೊಡೀತಿದ್ದಾನೆ. ಅವನಿಗೆ ಸಿಕ್ತು. ನನಗಿನ್ನೂ ಒಂದು ಗುಟುಕು ನೀರಿಲ್ಲ ಈ ಮನೇಲಿ.

ದಾರೀಲಿ ತುಮಾ ಕೇಳಿದ್ಳು, ನಿನ್ನ ತಮ್ಮ ಅಂದ್ಮೇಲೆ ಇಷ್ಟು ವರ್ಷ ಯಾಕೆ ಮಾತಿಲ್ಲ ಅಂತ. ಹೇಳಿದೆ. ನಮ್ಮಲ್ಲಿ ಒಂದು ಎಲೆ ಇದೆ. ತಪ್ಪು ಮಾಡಿದವರು ಅದಕ್ಕೆ ಗಂಟು ಹಾಕಿ ತಂದು ಕೈಗಿಡಬೇಕು. ಇಟ್ಟರೆ ಮುಗೀತು. ಆಮೇಲೆ ಬಯ್ಯೋ ಹಾಗಿಲ್ಲ, ಒಲ್ಲೆ ಅನ್ನೋ ಹಾಗಿಲ್ಲ. ಹೆಣ ಬಿದ್ದ ಮನೆಯವರು ಕೂಡ ಆ ಎಲೆ ಕಂಡ್ರೆ ಕತ್ತಿ ಕೆಳಗಿಡ್ತಿದ್ರು. ಅದು ಬರೋ ತನಕ ಒಂದೇ ಬುರುಡೇಲಿ ಕುಡಿಯೋದಿಲ್ಲ, ಮಾತಿಲ್ಲ. ಅವನು ಎಲೆ ಕಳಿಸಲಿಲ್ಲ, ನಾನು ಬರಲಿಲ್ಲ ಅಂದೆ. ಅವಳು ಏನಂದ್ಳು ಗೊತ್ತಾ? ಫೋನಲ್ಲೇ ಕಳಿಸಬಹುದಲ್ಲ ಅಜ್ಜಿ, ಎಲೆ ಚಿತ್ರ ಇರುತ್ತೆ ಅಂತ. ಗಾಡ್‌ಬ್ಲೆಸ್ ಮತ್ತೆ ಕಾರು ಬದಿಗೆ ನಿಲ್ಲಿಸಬೇಕಾಯ್ತು.

ನೀನೂ ನಗು. ಆದ್ರೆ ಚಿತ್ರವಾದ್ರೂ ಕಳಿಸಿದೆಯೇನೋ ನೀನು?

ಒಮ್ಮೆ ನಿನ್ನ ಮಗ ಯಾರ ಕೈಲೋ ಕಾಫಿ ಬೀಜ ಕಳಿಸಿದ್ದ. ಮನೇಲಿ ಯಾರೂ ಇಲ್ಲದಾಗ ಪೊಟ್ಟಣ ಬಿಚ್ಚಿ, ಬೀಜ ಅಷ್ಟನ್ನೂ ಮೊರದಷ್ಟು ಅಗಲದ ತಟ್ಟೆಗೆ ಸುರಿದು ಕೈಯಾಡಿಸಿದೆ. ಪೊಟ್ಟಣವನ್ನ ಒಳಹೊರಗೆ ಮಾಡಿ ಕೊಡವಿದೆ. ಕಾಫಿ ಬೀಜ. ಬರೀ ಕಾಫಿ ಬೀಜ. ಆ ಕಾಫಿ ನಾನು ಕುಡಿಯಲಿಲ್ಲ, ಪಕ್ಕದ ಮನೆಯವಳಿಗೆ ಕೊಟ್ಟೆ.

ಸರಿ, ಕಾರು ಇಲ್ಲಿ ನಿಂತಿತು. ನಾನು ಮೊದಲು ನೋಡಿದ್ದು ನಿನ್ನನ್ನಲ್ಲ, ಯುನಿಸೀನೂ ಅಲ್ಲ. ಈ ಗೋಡೆ. ಬೇಲಿ ಇಲ್ಲ! ಗೇಟಿಂದ ಕಾಲುವೆ ತನಕ ಒಂದು ಎಲೆ ಇಲ್ಲ. ಎಂಥ ಉಪಾಯ ಮಾಡಿದ ನನ್ನ ತಮ್ಮ ಅಂದುಕೊಂಡೆ. ಎಲೆ ಕೊಡೋದು ತಪ್ಪಲಿ ಅಂತ ಇಸಾಲೆ ಗಿಡವನ್ನೇ ಬುಡಸಮೇತ ಕಿತ್ತು ಹಾಕಿ...

ಇಸಾಲೆ! ನೋಡು, ಬಂತು. ಬಯ್ಯೋಕೆ ಹೋದ್ರೆ ತಾನಾಗೇ ಬಂತು. ಇಸಾಲೆ. ಎಷ್ಟು ವರ್ಷ ಆಯ್ತೋ ಈ ಬಾಯಲ್ಲಿ ಅದನ್ನ ಅಂದು. ಅಲ್ಲಿ ಯಾರ ಹತ್ತಿರ ಅನ್ನಲಿ?

ಏನು, ಕೋಲು ಎಲ್ಲಿಗೆ ತೋರಿಸ್ತೀಯ? ಮನೆ ಹಿಂದಕ್ಕಾ? ...ಗೊತ್ತು. ನಾನು ಬಂದ ಕೂಡಲೇ ಯುನಿಸಿ ಕಿವೀಲಿ ಹೇಳಿದ್ಳು. ರಸ್ತೆ ಅಗಲ ಮಾಡುವಾಗ ಬೇಲಿ ಹೋಯ್ತು, ನೀನು ರಾತ್ರೋರಾತ್ರಿ ಬುಡ ಎಬ್ಬಿಸಿ ಅಮ್ಮನ ಸಮಾಧಿಯ ತಲೆದೆಸೆಯಲ್ಲಿ ನೆಟ್ಟೆ, ಈಗ ಅದು ನಿನಗಿಂತ ಎತ್ತರ ಇದೆ. ಇನ್ನೂ ಒಂದು ಹೇಳಿದ್ಳು. ಪ್ರತಿ ಕ್ರಿಸ್‌ಮಸ್‌ಗೆ ದೂರದೂರಿನ ಮಕ್ಕಳೆಲ್ಲ ಮನೆಗೆ ಬರ್ತಾರಲ್ಲ, ಆವತ್ತು ನೀನು ಚಾಕು ಹಿಡ್ಕೊಂಡು ಆ ಗಿಡದ ಹತ್ತಿರ ಹೋಗ್ತೀಯಂತೆ. ನಿಲ್ತೀಯಂತೆ. ಬರಿಗೈಲಿ ವಾಪಸ್ಸು ಬಂದು ಅವಳ ಮೇಲೆ ರೇಗ್ತೀಯಂತೆ, ಸಾರಿಗೆ ಉಪ್ಪು ಸಾಲದು ಅಂತ.

ತಲೆ ತಗ್ಗಿಸಬೇಡ. ಯುನಿಸಿ ಮೇಲೆ ಸಿಟ್ಟು ಮಾಡ್ಕೋಬೇಡ. ಒಂದು ಎಲೆ ಕೊಯ್ಯೋಕೆ ಆಗದ ಗಂಡಸು ನೀನು, ಅವಳೇನು ಮಾಡ್ತಾಳೆ? ಆ ಚಾಕು ಒಂದು ಸಲ, ಒಂದೇ ಒಂದು ಸಲ ಕೆಳಗಿಳಿದಿದ್ರೆ ನಾನು ನಡ್ಕೊಂಡಾದ್ರೂ ಬರ್ತಿದ್ದೆ.

ಇಲ್ಲ, ನಾನು ಮನೆ ಹಿಂದೆ ಹೋಗಲ್ಲ. ಈಗಲ್ಲ. ಎಲೆ ಕೊಟ್ಟು ಮುಗಿಯೋ ತನಕ ಅಮ್ಮನ ಹತ್ತಿರ ಹೋಗಿ ನಿಂತು ಏನು ಹೇಳಲಿ? ಇನ್ನೂ ಜಗಳ ಆಡ್ತಿದ್ದೀವಿ ಅಂತಾನಾ?

ಒಂದು ತಮಾಷೆ ಕೇಳು. ವಿನ್ನಿಪೆಗ್‌ನಲ್ಲಿ ನನ್ನ ಹಲ್ಲಿನ ಡಾಕ್ಟರು ಇದ್ದಾರೆ. ಅವರ ಕಾಯೋ ಕೋಣೇಲಿ ಒಂದು ದಿನ ಕೂತಿದ್ದೆ. ಹೊರಗೆ ಹಿಮ. ಮೂಲೇಲಿ ಒಂದು ಬಿಳೀ ಕುಂಡ, ಕುಂಡದಲ್ಲಿ ನಮ್ಮ ಗಿಡ. ಹೌದು ಕಣೋ, ಇದೇ! ಶೋಕಿಗೆ ಇಟ್ಟಿದ್ದಾರೆ. ಒಬ್ಬ ಹುಡುಗಿ ಒದ್ದೆ ಬಟ್ಟೇಲಿ ಎಲೆ ಎಲೆಗೂ ಧೂಳು ಒರೆಸ್ತಿದ್ಳು. ಕೆಳಗೆ ಒಬ್ಬ ಗಂಡಸು ಕೆನ್ನೆ ಹಿಡ್ಕೊಂಡು ಕೂತಿದ್ದ. ನನಗೆ ನಗು ಬಂತು, ಆಮೇಲೆ ಏನು ಬಂತೋ, ಆ ಹುಡುಗಿ ಹಲ್ಲು ತುಂಬ ನೋಯ್ತಿದೆಯಾ ಅಂತ ನೀರು ತಂದುಕೊಟ್ಟಳು. ಇದು ನಮ್ಮೂರಲ್ಲಿ ಜಗಳ ಮುಗಿಸೋ ಗಿಡ ಅಂದೆ. ಇಲ್ಲಿ ನೀರು ಕಡಿಮೆ ಹಾಕಿದ್ರೂ ಸಾಯಲ್ಲ, ಅದಕ್ಕೇ ಇಟ್ಟಿದ್ದೀವಿ ಅಂದ್ಳು. ಒಂದು ತುಂಡು ಮುರಿದು ಕೊಟ್ಟಳು. ಅಡುಗೆಮನೆ ಕಿಟಕೀಲಿ ಇಟ್ಟೆ. ಬೇರು ಬಿಡ್ತು. ಕಿಟಕಿ ಆ ಕಡೆ ಹಿಮ, ಈ ಕಡೆ ಅದು. ಬೆಳಿಗ್ಗೆ ಚಾ ಕುಡೀತಾ ಅದನ್ನ ನೋಡೋದು, ನಿನ್ನ ಬಯ್ಯೋದು. ಸೊಸೆ ಕೇಳ್ತಿದ್ಳು, ಅತ್ತೆ, ಗಿಡದ ಜೊತೆ ಏನು ಜಗಳ ಅಂತ.

ಯಾಕೋ ಹಾಗೆ ನೋಡ್ತೀಯ? ಕಿಟಕೀಲಿ ಒಂದು ಗಿಡ ಇದೆ ಅಂದೆ, ಅಷ್ಟೇ. ತಮಾಷೆಗೆ ಅಂದೆ.

ಬಂದ್ಳು ನೋಡು. ಏನಂತೆ ತುಮಾ? ಪತ್ತೆ ಆಯ್ತಾ? ...ಅಡಿಸ್‌ನಲ್ಲೇ ಇದೆಯಾ! ಅಲ್ಲೇ ಉಳೀತಾ! ಕೇಳಿದೆಯಾ ಅನಾ, ನನ್ನ ಸೂಟ್‌ಕೇಸೂ ಅಲ್ಲಿ ತನಕ ಬಂದು ನಿಂತುಬಿಡ್ತಂತೆ. ಅದಕ್ಕೂ ಅದೇ ಊರು ಬೇಕಾಯ್ತು... ಏನು? ಕಪ್ಪು ಸೂಟ್‌ಕೇಸು ಬೇಕಾದಷ್ಟು ಬಿದ್ದಿವೆ, ಹೆಸರಿನ ಚೀಟಿ ಹರಿದು ಹೋಗಿದೆ, ಒಳಗೆ ಏನಿದೆ ಹೇಳಿದ್ರೆ ತೆಗೆದು ನೋಡಿ ಗುರುತು ಹಿಡೀತಾರಂತಾ? ಹೇಳು. ಸ್ವೆಟರು, ಬೂದು ಬಣ್ಣದ್ದು. ಚಾಪುಡಿ. ಕಂಬಳಿ. ಗುಳಿಗೆ ಡಬ್ಬಿ. ...ಅದೆಲ್ಲ ಎಲ್ಲರ ಹತ್ತಿರಾನೂ ಇರುತ್ತಾ? ಬೇರೆ ಯಾರ ಸೂಟ್‌ಕೇಸಲ್ಲೂ ಇಲ್ಲದ್ದು ಏನಾದ್ರೂ ಇದೆಯಾ ಅಂತಾನಾ?

ಇಲ್ಲ. ಏನಿರುತ್ತೆ. ಇಲ್ಲ ಅನ್ನು.

...

ಏನೋ ಅನಾ?

ಹಾಗೆ ನೋಡಬೇಡ. ಅಮ್ಮ ಹೀಗೇ ನೋಡ್ತಿದ್ಳು, ಬೆಲ್ಲದ ಮಡಕೆ ಖಾಲಿಯಾದ ದಿನ. ಏನೂ ಕೇಳ್ತಿರಲಿಲ್ಲ, ಸುಮ್ಮನೆ ನೋಡ್ತಾ ಇರೋಳು, ನಾವೇ ಹೇಳೋ ತನಕ. ಬಯ್ಯಾದ್ರೂ ಬಯ್ಯೋ. ನಗೋ. ಆಗಿಂದ ನಕ್ಕು ಸಾಯ್ತಿದ್ದೆಯಲ್ಲ, ಈಗ ಯಾಕೆ ನಗು ನಿಂತ್ಹೋಯ್ತು?

ಕಣ್ಣು ತೆಗೆಯಲ್ಲ ನೀನು.

ತುಮಾ. ಬಾ ಇಲ್ಲಿ. ಫೋನ್ ಇಡಬೇಡ ಅನ್ನು ಅವರಿಗೆ. ಬೂದು ಸ್ವೆಟರಿದೆಯಲ್ಲ, ಅದರ ಬಲಗಡೆ ತೋಳಿನೊಳಗೆ ಕೈ ಹಾಕಿ ನೋಡೋಕೆ ಹೇಳು. ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದೀನಿ. ಒಂದು ಎಲೆ. ನನ್ನ ಕಿಟಕಿಯದ್ದು.

ಹೌದು ಕಣೋ. ನನ್ನದೇ.

ಸಿಂಹವಂತೆ. ಸಿಂಹ ಯಾರಿಗೆ ಬೇಕು? ನಿನ್ನ ಹತ್ತಿರ ಕಳಿಸು ಅಂದಿದ್ರೆ ನನ್ನ ಮಗ ಬಿಡ್ತಿರಲಿಲ್ಲ, ಅವನೇ ಕರೀಲಿ ಮೊದಲು, ನೀನ್ಯಾಕೆ ಬಗ್ಗಬೇಕು ಅಂತಿದ್ದ. ಅವನೂ ನಮ್ಮಪ್ಪನ ಮೊಮ್ಮಗನೇ ತಾನೇ.

ಬೇಡ, ಏಳಬೇಡ, ಕೂತ್ಕೋ. ತಿಳ್ಕೋ, ನಾನು ತಪ್ಪು ಮಾಡಿದೆ ಅಂತ ತಂದದ್ದಲ್ಲ ಅದು. ತಪ್ಪು ನಿನ್ನದು. ಇವತ್ತಿಗೂ ನಿನ್ನದೇ, ನಾನು ಬಿಟ್ಟುಕೊಡಲ್ಲ. ತಪ್ಪು ನಿನ್ನದು, ಎಲೆ ನನ್ನದು. ನೀನು ಗಿಡದ ಹತ್ತಿರ ನಿಂತಿರ್ತೀಯ, ನಾನು ಕಿಟಕೀಲಿ ನಿಂತಿರ್ತೀನಿ, ಅಷ್ಟರಲ್ಲಿ ಇಬ್ಬರಲ್ಲಿ ಒಬ್ಬರು ಅಮ್ಮನ ಪಕ್ಕ ಹೋಗಿ ಮಲಗಿದ್ರೆ ಇನ್ನೊಬ್ಬರು ಆ ಎಲೆ ಯಾರ ಕೈಗೆ ಇಡೋದು? ಅಕ್ಕನಾದವಳು ತಮ್ಮನಿಗೆ ಎಲೆ ತರೋದು ಎಲ್ಲಾದ್ರೂ ಉಂಟಾ? ಇಲ್ಲ. ನಾನು ತಂದೆ. ತಂದೂ ಈಗ ಬರಿಗೈಲಿ ಕೂತಿದ್ದೀನಿ, ಅದಕ್ಕೇ ಬಂದಾಗಿನಿಂದ ನಿನ್ನ ತಲೆ ತಿನ್ತಾ ಇರೋದು.

ಹಿಂದುಗಡೆ ಇದೆಯಲ್ಲ, ಅದರಿಂದ ಕೊಯ್ದುಕೋ ಅಂತೀಯಾ? ಇಲ್ಲ. ನೀನು ನೆಟ್ಟದ್ದು, ನೀನು ನೀರೆರೆದದ್ದು. ನಿನ್ನ ಎಲೆ ನಿನಗೇ ಕೊಟ್ಟರೆ ನಾನು ಏನು ಕೊಟ್ಟ ಹಾಗಾಯ್ತು? ನನ್ನದು ಬರಬೇಕು. ಬಾಡಿದ್ರೂ ಸರಿ, ಕಪ್ಪಾಗಿದ್ರೂ ಸರಿ. ಗಂಟು ಹಾಕಿಯೇ ಇಟ್ಟಿದ್ದೀನಿ. ಗಂಟು ಬಾಡಲ್ಲ.

ಲೋ, ಲೋ, ಬುರುಡೆ ಯಾಕೆ ಎತ್ತಿದೆ? ಚೆಲ್ತೀಯ. ಇಡು ಕೆಳಗೆ. ಎಲೆ ಇನ್ನೂ ಅಡಿಸ್‌ನಲ್ಲಿದೆ. ಅದು ಬರೋ ತನಕ ಕುಡಿಯೋ ಹಾಗಿಲ್ಲ. ಇಷ್ಟು ವರ್ಷ ನಿಯಮ ನಿಯಮ ಅಂತ ಸತ್ತಿದ್ದೀವಿ, ಈಗ ಎರಡು ದಿನಕ್ಕೆ ಕೆಡಿಸಬೇಡ. ಹಳಸಿದ್ರೆ ಹಳಸಲಿ, ಯುನಿಸಿ ಬೇರೆ ಮಾಡ್ತಾಳೆ. ನಾನು ಇಲ್ಲೇ ಇರ್ತೀನಿ. ಗಾಡ್‌ಬ್ಲೆಸ್‌ಗೆ ಹೇಳು, ಸಾರು ಮುಗಿಸಿ ಹೊರಡಲಿ. ಸಿಂಹಗಳಿಗೆ ನನ್ನ ನಮಸ್ಕಾರ ಹೇಳಲಿ.

ಏನು ತುಮಾ? ಸಿಕ್ಕಿದ್ರೆ ಯಾವ ಹೋಟೆಲಿಗೆ ಕಳಿಸಬೇಕು ಅಂತಾರಾ? ಹೋಟೆಲಿಗಲ್ಲಮ್ಮ. ಮಚಾಮೆ ರಸ್ತೆ, ಚರ್ಚು ದಾಟಿ ಮೇಲಕ್ಕೆ, ಸಿಮೆಂಟ್ ಗೋಡೆಯ ಮನೆ. ಅನಾಯೆಲಿ ಕೈಗೇ ಕೊಡೋಕೆ ಹೇಳಬೇಡ, ನನ್ನ ಕೈಗೆ. ಕೊಡಬೇಕಾದವಳು ನಾನು. ಸಾಮಾನು ಏನು ಅಂದ್ರೆ ಸ್ವೆಟರು ಕಂಬಳಿ ಎಲ್ಲ ಬೇಡ. ಇಸಾಲೆ ಅನ್ನು, ಒಂದು, ಗಂಟು ಹಾಕಿದ್ದು. ಅವರಿಗೆ ಅರ್ಥ ಆಗದಿದ್ರೆ ಹೋಗಲಿ. ನೀನು ಬರಿ.